ಆರನೇದು ಕಪ್ಪೆ: ಬೇಸ್‌ಮೆಂಟಿನ ಸಿಂಥಸೈಜರ್ ಮಾರುವ ಮುನ್ನ

ಕಳೆದ ಚಳಿಗಾಲದಲ್ಲಿ ನಮ್ಮ ಜೂನೋ ಒಳಗೆ ಕಪ್ಪೆ ಸೇರಿಕೊಂಡಿತು. ಐದು ಸ್ವರ ಸರಿಯಾಗಿ ನುಡಿಯುತ್ತಿತ್ತು, ಆರನೆಯದು ಮಾತ್ರ ವಟರ್ ಅನ್ನುತ್ತಿತ್ತು. ಮತ್ತೆ ಐದು ಸರಿ, ಮತ್ತೆ ವಟರ್. ಮಗಳು ಎರಡು ಸಲ ಎಣಿಸಿ ನೋಡಿ, "ಅಪ್ಪ, ಆರನೇದು ಕಪ್ಪೆ" ಅಂತ ತೀರ್ಪು ಕೊಟ್ಟಳು.

ಜೂನೋ ಅಂದರೆ ಜಪಾನಿನ ರೋಲಾಂಡ್ ಕಂಪನಿ 1984ರಲ್ಲಿ ಹೊರತಂದ ಜೂನೋ-106 ಅನ್ನುವ ಅನಲಾಗ್ ಸಿಂಥಸೈಜರ್. ನೋಡುವುದಕ್ಕೆ ಕೀಬೋರ್ಡೇ. ಆದರೆ ಇದರೊಳಗೆ ಪಿಯಾನೋ, ಪಿಟೀಲು ಅಂತ ಯಾವ ವಾದ್ಯದ ದನಿಯನ್ನೂ ರೆಕಾರ್ಡ್ ಮಾಡಿ ತುಂಬಿಲ್ಲ. ಕರೆಂಟಿನ ಕಂಪನವನ್ನು ಸೋಸಿ, ಏರಿಸಿ, ಇಳಿಸಿ, ಸದ್ದನ್ನು ಅಲ್ಲೇ ಬೇಯಿಸುತ್ತದೆ. ಬೇಯಿಸುವುದಕ್ಕೆ ಮೇಲೆ ಸಾಲಾಗಿ ಸ್ಲೈಡರುಗಳಿವೆ. 2007ರಲ್ಲಿ, ಮದುವೆಗೆ ಮುಂಚೆ, ಶಿಕಾಗೋದ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ 450 ಡಾಲರ್ ಕೊಟ್ಟು ಕೊಂಡು, ಮೂರನೇ ಮಹಡಿಯಿಂದ ಹೆಗಲ ಮೇಲೆ ಹೊತ್ತು ಇಳಿಸಿದ್ದೆ. ಆಮೇಲೆ ನಾಲ್ಕು ಮನೆ ಬದಲಾಯಿತು, ಈಗ ನೇಪರ್‌ವಿಲ್‌ನ ಬೇಸ್‌ಮೆಂಟಿನಲ್ಲಿದ್ದೇವೆ. ಜೂನೋ ಎಲ್ಲ ಕಡೆಗೂ ನನ್ನ ಜೊತೆ ಬಂತು.

ಕಪ್ಪೆಯ ರೋಗಕ್ಕೆ ಹೆಸರಿದೆ. ಜೂನೋ ಒಟ್ಟಿಗೆ ಆರು ಸ್ವರ ನುಡಿಸಬಲ್ಲದು. ಒಂದೊಂದು ಸ್ವರಕ್ಕೂ ಒಳಗೆ 80017ಎ ಅನ್ನುವ ಒಂದೊಂದು ಚಿಪ್ಪಿದೆ. ಕೀ ಒತ್ತಿದ ಹಾಗೆಲ್ಲ ಸರದಿಯ ಪ್ರಕಾರ ಮುಂದಿನ ಚಿಪ್ಪಿಗೆ ಕೆಲಸ ಹೋಗುತ್ತದೆ. ಚಿಪ್ಪಿನ ಮೇಲೆ ಕಂಪನಿಯವರು ಬಳಿದ ರಾಳದ ಲೇಪ ವರ್ಷ ಕಳೆದ ಹಾಗೆ ಕೈಕೊಡುತ್ತದೆ. ಆಗ ಆ ಸರದಿ ಬಂದಾಗಲೆಲ್ಲ ಕರಕರ. ಕೆಲವರು ಚಿಪ್ಪನ್ನು ಬಿಚ್ಚಿ ಅಸಿಟೋನಿನಲ್ಲಿ ನೆನೆಹಾಕಿ, ಲೇಪ ಸುಲಿದು, ಮತ್ತೆ ಬೆಸುಗೆ ಹಾಕುತ್ತಾರೆ. ಉಗುರಿನ ಬಣ್ಣ ತೆಗೆಯುವ ಅದೇ ಅಸಿಟೋನ್! ಕೆಲವರು ಹೊಸ ಬದಲಿ ಚಿಪ್ಪು ತರಿಸಿ ಹಾಕುತ್ತಾರೆ. ಒಂದು ಹೋಯಿತೆಂದರೆ ಉಳಿದ ಐದೂ ಸಾಲಿನಲ್ಲಿ ನಿಂತಿವೆ ಎಂದೇ ಲೆಕ್ಕ. ರಿಪೇರಿಯವರು ಆರಕ್ಕೂ ಸೇರಿಸಿ ಹೇಳಿದ ಮೊತ್ತ ನಾನು ಯಂತ್ರಕ್ಕೇ ಕೊಟ್ಟದ್ದಕ್ಕಿಂತ ಹೆಚ್ಚಾಗಿತ್ತು.

ಅದೇ ವಾರಗಳಲ್ಲಿ ಮಗಳು ಮಿಡಲ್ ಸ್ಕೂಲಿನ ಜ್ಯಾಸ್ ಬ್ಯಾಂಡಿಗೆ ಆಯ್ಕೆಯಾದಳು. ಅಭ್ಯಾಸಕ್ಕೆ 88 ಕೀಗಳ, ಪಿಯಾನೋದ ಹಾಗೆ ಭಾರ ಇರುವ ಕೀಬೋರ್ಡ್ ಬೇಕು ಅಂದರು. ಜೂನೋಗೆ ಇರುವುದು 61, ಬೆರಳಿಗೆ ಗಾಳಿಯಷ್ಟೇ ಹಗುರ. ನಮ್ಮ ಮನೆಯಲ್ಲಿ ಒಂದು ನಿಯಮ ಇದೆ, ನನ್ನ ಹೆಂಡತಿ ಮಾಡಿದ್ದು: ದೊಡ್ಡದು ಒಂದು ಒಳಗೆ ಬಂದರೆ ದೊಡ್ಡದು ಒಂದು ಹೊರಗೆ ಹೋಗಬೇಕು. "ನೀನೇ ಯೋಚನೆ ಮಾಡು, ನಾನೇನೂ ಹೇಳಲ್ಲ" ಅಂದಳು. ಹೇಳಿದ್ದಕ್ಕಿಂತ ಜಾಸ್ತಿಯೇ ಆಯಿತು ಅದು.

ಹಳೆಯ ಕೀಬೋರ್ಡ್ ಮಾರುವುದಕ್ಕೆ ಇಷ್ಟೊಂದು ಯೋಚನೆ ಯಾಕೆ ಅಂತ ನೀವು ಕೇಳಬಹುದು. ಕಾರಣ ಸಂಗೀತವಲ್ಲ, ಕನ್ನಡ.

ಮಗಳಿಗೆ ನಾಲ್ಕು ವರ್ಷವಿದ್ದಾಗಿಂದ ನಾವಿಬ್ಬರೂ ಶನಿವಾರ ಬೆಳಿಗ್ಗೆ ಜೂನೋ ಮುಂದೆ ಕೂರುತ್ತಿದ್ದೆವು. ಆಗ ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಹಾಗಾಗಿ ಸ್ಲೈಡರುಗಳಿಗೆಲ್ಲ ಅವಳೇ ಹೆಸರಿಟ್ಟಳು. ಸದ್ದನ್ನು ಸೋಸುವ ಫಿಲ್ಟರಿನ ಸ್ಲೈಡರನ್ನು ಕೆಳಗೆ ಎಳೆದರೆ ದನಿಗೆ ನೆಗಡಿ ಹಿಡಿದ ಹಾಗಾಗುತ್ತದೆ. ಅದು "ಮೂಗು". ಪಕ್ಕದ ರೆಸೊನೆನ್ಸ್ "ಪೀಪಿ". ದನಿಯನ್ನು ಅಲುಗಾಡಿಸುವುದು "ಗಡಗಡ". ಸರ್ರೆನ್ನುವ ನಾಯ್ಸ್ "ಮಳೆ". ಸದ್ದು ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನ ಆರಬೇಕು ಅನ್ನುವುದಕ್ಕೆ "ಬರೋದು", "ಹೋಗೋದು". ಜೂನೋದ ಹೆಸರುವಾಸಿ ಕೋರಸ್ ಬಟನ್ ಒತ್ತಿದರೆ ಒಂದು ದನಿ ಹತ್ತು ದನಿಯ ಹಾಗೆ ಹರಡಿಕೊಳ್ಳುತ್ತದಲ್ಲ, ಅದು "ಜಾತ್ರೆ". ಅವಳು ಹೇಳಿದ್ದನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಂಟಿಸಿದ್ದು ನಾನು. ಆರನೇ ವರ್ಷದಲ್ಲಿ ಅದನ್ನೆಲ್ಲ ಕಿತ್ತುಹಾಕಿ, ತಾನೇ ವಕ್ರ ವಕ್ರ ಕನ್ನಡ ಅಕ್ಷರದಲ್ಲಿ ಬರೆದು ಮತ್ತೆ ಅಂಟಿಸಿದಳು.

ಎಂಟನೇ ವರ್ಷಕ್ಕೆ ಬರುವ ಹೊತ್ತಿಗೆ ನಿಮ್ಮಲ್ಲಿ ಬಹಳ ಜನ ಕಂಡಿರುವುದನ್ನು ನಾವೂ ಕಂಡೆವು. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಊಟದ ಮೇಜಿನಲ್ಲಿ, ಕಾರಿನಲ್ಲಿ, ಅಜ್ಜಿಯ ವಿಡಿಯೋ ಕಾಲಿನಲ್ಲಿ. ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದರೂ ಮಕ್ಕಳೆಲ್ಲ ಮೂಲೆಯಲ್ಲಿ ಗುಂಪಾಗಿ ಮಾತಾಡುವುದು ಯಾವ ಭಾಷೆ ಅಂತ ನಿಮಗೆ ಗೊತ್ತೇ ಇದೆ. ಆದರೆ ಬೇಸ್‌ಮೆಂಟಿನ ಮೆಟ್ಟಿಲು ಇಳಿದ ಕೂಡಲೇ ಕನ್ನಡ ಬರುತ್ತಿತ್ತು. ನಾನೇನೂ ಒತ್ತಾಯ ಮಾಡಿರಲಿಲ್ಲ. ಕಾರಣ ತಿಳಿದದ್ದು ಮಾರುವ ಯೋಚನೆ ಬಂದಮೇಲೆ.

ಜೂನೋ ಹಾಗೇ ಕೆಲಸ ಮಾಡುವ ಸಾಫ್ಟ್‌ವೇರುಗಳಿವೆ. ಒಂದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ನೋಡಿದೆವು. ಕಣ್ಣು ಮುಚ್ಚಿ ಕೇಳಿದರೆ ನನಗೆ ವ್ಯತ್ಯಾಸ ತಿಳಿಯಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಇಪ್ಪತ್ತು ನಿಮಿಷ ಇಬ್ಬರೂ ಒಂದು ಮಾತೂ ಆಡಲಿಲ್ಲ. ಮೌಸ್ ಒಂದೇ. ಹಿಡಿದವರು ಮಾಡುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ನಿಜವಾದ ಜೂನೋದಲ್ಲಿ ನಾವು ಮಾಡುತ್ತಿದ್ದುದು ಇಬ್ಬರ ಕೆಲಸ. ಒಬ್ಬರು ಕೀ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಸ್ಲೈಡರ್ ಸರಿಸಬೇಕು, ಹಿಡಿದವರು ಹೇಳಬೇಕು: "ಇನ್ನೂ ಸ್ವಲ್ಪ... ಸಾಕು ಸಾಕು... ಅಯ್ಯೋ ಹಿಂದೆ ಹೋಗು... ಮೂಗು ತೆಗಿ, ಜಾತ್ರೆ ಬೇಡ." ಈ ಮಾತಿಲ್ಲದೆ ಸದ್ದೇ ಇಲ್ಲ. ಮಗು ಅಲ್ಲಿ ಕನ್ನಡ "ಕಲಿಯುತ್ತಿರಲಿಲ್ಲ", ಕನ್ನಡದಲ್ಲಿ ಕೆಲಸ ಮಾಡಿಸುತ್ತಿದ್ದಳು. ಅದೂ ಅಪ್ಪನ ಕೈಲಿ.

ಇನ್ನೊಂದು ಅನುಕೂಲವೂ ಇತ್ತು, ಅದು ಕನ್ನಡದ್ದೇ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಓದಿದ ನೆನಪಿದೆಯಾ? ಚಟಚಟ, ಧಗಧಗ, ಜುಳುಜುಳು. ನಮಗೆಲ್ಲ ಅದು ಒಂದು ಮಾರ್ಕಿನ ಪ್ರಶ್ನೆ. ಹೊರದೇಶದಲ್ಲಿ ಮಗು ಬೆಳೆಸುವವರಿಗೆ ಅದು ಪಾತಾಳ ಗರಡಿ, ಬಾವಿಗೆ ಬಿದ್ದದ್ದನ್ನೆಲ್ಲ ಮೇಲೆ ತರುತ್ತದೆ. ನಮ್ಮ ಮಕ್ಕಳು ಕನ್ನಡದಲ್ಲಿ ಎಡವುವುದು ಕ್ರಿಯಾಪದದ ಬಾಲದಲ್ಲಿ: ಬಂದನು, ಬಂದಳು, ಬಂದಿತು, ಬಂದರು. ನಗುತ್ತಾರೆಂಬ ಭಯಕ್ಕೇ ಬಾಯಿ ಬಿಡುವುದಿಲ್ಲ. ಸದ್ದಿನ ಪದಕ್ಕೆ ಆ ಭಯವಿಲ್ಲ. "ಗುಂಯ್ ಅಂತು." ವಾಕ್ಯ ಮುಗಿಯಿತು, ತಪ್ಪೂ ಇಲ್ಲ. ಆಮೇಲೆ ಅದೇ ಬೆಳೆಯುತ್ತದೆ: ಸುಯ್ ಅಂತ, ಸುಯ್ಯನೆ, ಸುಯ್‌ಗುಟ್ಟುತ್ತೆ. ಒಂದು ದಿನ ಪೀಪಿ ಸ್ಲೈಡರನ್ನು ಪೂರ್ತಿ ಏರಿಸಿದಾಗ, "ಇದು ಕೀಚು ಅಲ್ಲ, ಕೀರಲು" ಅಂದಳು. ಆ ಪದ ಅವಳಿಗೆ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಜೂನೋ ಒಳಗೆ 128 ಸದ್ದುಗಳನ್ನು ಉಳಿಸಿಡಬಹುದು, ಆದರೆ ಅವಕ್ಕೆ ಹೆಸರು ಕೊಡಲಾಗದು. ಕಾಣುವುದು ಬರೀ ನಂಬರು. ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆವು. ಎ-12 ರೈಲು. ಎ-15 ಅಜ್ಜನ ಗೊರಕೆ. ಎ-27 ಹಲ್ಲು ನೋವು. ಬಿ-41 ಅತ್ತೆ ಮನೆ ಮಿಕ್ಸಿ. ಬಿ-42 ಅತ್ತೆ ಮನೆ ಮಿಕ್ಸಿ, ಕಾಯಿ ಹಾಕಿದ ಮೇಲೆ. ಎಲ್ಲ ಅವಳ ಅಕ್ಷರ. ಕನ್ನಡದಲ್ಲಿ ತನಗಾಗಿ ಅವಳು ಬರೆದದ್ದು ಇದೊಂದೇ, ಉಳಿದದ್ದೆಲ್ಲ ನಮಗಾಗಿ ಬರೆದ ಕಾಪಿ.

ಒಂದಷ್ಟು ದಿನ ಬೆಂಗಳೂರಿನ ರೇಡೆಲ್ ಶ್ರುತಿಪೆಟ್ಟಿಗೆಯನ್ನೂ ಜೊತೆಗಿಟ್ಟುಕೊಂಡಿದ್ದೆವು. ನಮ್ಮ ಎಷ್ಟೋ ಮನೆಗಳಲ್ಲಿ ದೇವರ ಕೋಣೆಯ ಪಕ್ಕ ಇರುವ ಪೆಟ್ಟಿಗೆ ಅದು. ಅದನ್ನು ಮಾಡಿದ ಜಿ. ರಾಜ್ ನಾರಾಯಣ್ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಕೊಳಲು ನುಡಿಸುವವರು. ಯೋಚಿಸಿದರೆ ಅದೂ ಜೂನೋದ ದಾಯಾದಿಯೇ: ತಂತಿ ಇಲ್ಲದೆ, ಕರೆಂಟಿನಿಂದ ತಂಬೂರಿ. ಅದರ ಶ್ರುತಿಗೆ ಜೂನೋ ಕೂಡಿಸಿ, ಬೆಂಡರ್ ಕಡ್ಡಿಯನ್ನು ಅಲುಗಿಸಿ ಗಮಕ ಬರಿಸಲು ಮಗಳು ಒದ್ದಾಡಿದ್ದು ಕೇಳಿದರೆ ಯಾವ ಸಂಗೀತದ ಮೇಷ್ಟ್ರೂ ನಮ್ಮನ್ನು ಕ್ಷಮಿಸುತ್ತಿರಲಿಲ್ಲ.

ಹೀಗಿರುವಾಗ ಮಾರುವುದು ಹೇಗೆ? ಏಪ್ರಿಲ್‌ನಲ್ಲಿ ಡೆಟ್ರಾಯ್ಟ್ ಕಡೆಯ ಒಬ್ಬ ಹುಡುಗ, ಕಪ್ಪೆಯ ವಿಷಯ ತಿಳಿದೂ, 1300 ಡಾಲರ್ ಕೊಡುತ್ತೇನೆ ಅಂದ. ನನ್ನ ಅಕ್ಕ ಇರುವುದು ಮಿಶಿಗನ್ನಿನ ಕ್ಯಾಂಟನ್‌ನಲ್ಲಿ. ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ಹೇಗೂ ಹೋಗುವುದಿತ್ತು. ಡಿಕ್ಕಿಯಲ್ಲಿ ಹಾಕಿಕೊಂಡು ಹೋಗೋಣ, ಮನಸ್ಸು ಬಂದರೆ ಕೊಡೋಣ, ಇಲ್ಲದಿದ್ದರೆ ವಾಪಸ್ ತರೋಣ ಅಂದುಕೊಂಡೆವು.

ಹೊರಡುವ ಮುಂಚೆ ಮಗಳು ಒಂದು ಷರತ್ತು ಹಾಕಿದಳು. ನೋಟ್‌ಬುಕ್ಕಿನಲ್ಲಿರುವ ಸದ್ದೆಲ್ಲ ರೆಕಾರ್ಡ್ ಆಗಬೇಕು. ಸ್ಲೈಡರುಗಳ ಲೆಕ್ಕವನ್ನು ಮಿಡಿ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಹುದು ಅಂದೆ. ಬೇಡ ಅಂದಳು. ಮೊದಲು ಅವಳ ದನಿಯಲ್ಲಿ ಹೆಸರು, ಆಮೇಲೆ ಸದ್ದು, ಹಾಗೆ ಬೇಕಂತೆ. ಒಟ್ಟು 41 ಇದ್ದವು, ಮೂರು ಸಂಜೆ ಹಿಡಿಯಿತು. ಎರಡನೇ ಸಂಜೆ ಎ-34ರಲ್ಲಿ ನಿಂತಳು. "ಬ-ಚ್ಚ-ಲು. ಬಚ್ಚಲು ಅಂದ್ರೆ ಏನಪ್ಪಾ?" ಏಳನೇ ವರ್ಷದಲ್ಲಿ ತಾನೇ ಬರೆದ ಪದ. ನಾನು ಅರ್ಥ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೀ ಒತ್ತಿದಳು. ಗಳಗಳಗಳ ಅಂತ ಸುತ್ತಿ ಕೊನೆಗೆ ಗೊಟಕ್ ಅಂತು. "ಓ! ಅಜ್ಜಿ ಮನೇಲಿ ಸ್ನಾನ ಮಾಡಿದ್ಮೇಲೆ ನೀರು ಹೋಗತ್ತಲ್ಲ, ಆ ಜಾಗ!" ಪದ ಹೋಗಿತ್ತು, ಸದ್ದು ಇತ್ತು, ಸದ್ದು ಹೋಗಿ ಪದವನ್ನು ಕರೆದುಕೊಂಡು ಬಂತು. ನಿಮ್ಮ ಮನೆಯಲ್ಲೂ ಮರೆತ ಪದಗಳಿಗೆ ಅರ್ಥ ಹೇಳುವ ಮೊದಲು ಸದ್ದು ಮಾಡಿ ನೋಡಿ.

ಶಿಕಾಗೋದಿಂದ ಡೆಟ್ರಾಯ್ಟ್‌ಗೆ ಸುಮಾರು 280 ಮೈಲು, ಹೆಚ್ಚಿನ ದಾರಿ ಐ-94. ಮಿಶಿಗನ್ ಗಡಿ ದಾಟಿದ ಕೂಡಲೇ ಗಡಿಯಾರದಲ್ಲಿ ಒಂದು ಗಂಟೆ ಕಳೆದುಹೋಗುತ್ತದೆ. ಹಿಂದಿನ ಸೀಟಿನಿಂದ ಮಗಳು, "ನಾವು ಮಾರೋದು ತಪ್ಪಾ ಅಪ್ಪ?" ಅಂದಾಗ ನಾನು ಇದೇ ರಸ್ತೆಯ ಒಂದು ಹಳೆಯ ವ್ಯಾಪಾರದ ಕತೆ ಹೇಳಿದೆ.

ಫ್ರ್ಯಾಂಕಿ ನಕಲ್ಸ್ ಅನ್ನುವ ಡಿಜೆ 1977ರಲ್ಲಿ ನ್ಯೂಯಾರ್ಕಿನಿಂದ ಶಿಕಾಗೋಗೆ ಬಂದ. ಸೌತ್ ಜೆಫರ್ಸನ್ ಸ್ಟ್ರೀಟಿನ 206ನೇ ನಂಬರಿನ ಕಟ್ಟಡದಲ್ಲಿ 'ವೇರ್‌ಹೌಸ್' ಕ್ಲಬ್ಬು. ಅಲ್ಲಿ ಅವನು ಹಾಕುತ್ತಿದ್ದ ಸಂಗೀತಕ್ಕೇ ಆ ಹೆಸರಿನ ಬಾಲ ಅಂಟಿ 'ಹೌಸ್' ಆಯಿತು. ಅದೇ ಕಾಲದಲ್ಲಿ ಡೆಟ್ರಾಯ್ಟ್ ಹೊರಗಿನ ಬೆಲ್‌ವಿಲ್ ಅನ್ನುವ ಪುಟ್ಟ ಊರಿನ ಶಾಲೆಯಲ್ಲಿ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಅಂತ ಮೂವರು ಹುಡುಗರಿದ್ದರು. ಮುಂದೆ ಟೆಕ್ನೋ ಅಂತ ಜಗತ್ತೆಲ್ಲ ಕರೆದದ್ದು ಇವರು ಶುರು ಮಾಡಿದ್ದನ್ನು. ಡೆರಿಕ್ ಮೇ ಡೆಟ್ರಾಯ್ಟ್‌ನಿಂದ ಶಿಕಾಗೋಗೆ ಪದೇ ಪದೇ ಬಂದು ನಕಲ್ಸ್‌ನ ಸಂಗೀತ ಕೇಳುತ್ತಿದ್ದ. ಹಾಗೆ ಓಡಾಡುತ್ತಿದ್ದಾಗ, ಎಂಬತ್ತರ ದಶಕದ ನಡುಭಾಗದಲ್ಲಿ, ತನ್ನ ರೋಲಾಂಡ್ ಟಿಆರ್-909 ಡ್ರಮ್ ಮೆಶೀನನ್ನು ನಕಲ್ಸ್‌ಗೆ ಮಾರಿದ. ನಕಲ್ಸ್‌ನ ಮೊದಲ ಡ್ರಮ್ ಮೆಶೀನ್ ಅದು. ರೆಕಾರ್ಡುಗಳ ಜೊತೆಗೆ ಅದರ ಧಮ್ ಧಮ್ ಸೇರಿಸಿ ನುಡಿಸತೊಡಗಿದ. ನಮ್ಮ ಗುಟ್ಟನ್ನು ಶಿಕಾಗೋಗೆ ಕೊಟ್ಟುಬಿಟ್ಟೆ ಅಂತ ಆಟ್ಕಿನ್ಸ್‌ಗೆ ಸಿಟ್ಟು ಬಂತೆಂದು ಹೇಳುತ್ತಾರೆ.

"ಆಮೇಲೆ ಡೆಟ್ರಾಯ್ಟ್‌ನವರಿಗೆ ಮ್ಯೂಸಿಕ್ ನಿಂತೋಯ್ತಾ?" ಅಂದಳು.

ನಿಲ್ಲಲಿಲ್ಲ. 1987ರಲ್ಲಿ ಅದೇ ಮೇ 'ಸ್ಟ್ರಿಂಗ್ಸ್ ಆಫ್ ಲೈಫ್' ಹೊರತಂದ. ಅದೇ ವರ್ಷ ಶಿಕಾಗೋದಲ್ಲಿ ಫ್ಯೂಚರ್ ಅನ್ನುವ ಹುಡುಗರ ತಂಡದ 'ಆಸಿಡ್ ಟ್ರ್ಯಾಕ್ಸ್' ಬಂತು. ಅದಕ್ಕೆ ಬಳಸಿದ ಟಿಬಿ-303 ರೋಲಾಂಡ್‌ನವರ ಸೋತ ಸರಕು. ಗಿಟಾರ್ ನುಡಿಸುವವರಿಗೆ ಬೇಸ್ ಸಾಥಿಯಾಗಲಿ ಅಂತ ಮಾಡಿದ್ದು, ಯಾರೂ ಕೊಳ್ಳದೆ 1984ಕ್ಕೆ ನಿಲ್ಲಿಸಿದರು. ಯಾರೋ ಬೇಡವೆಂದು ಮಾರಿದ್ದನ್ನು ಈ ಹುಡುಗರು ಕಡಿಮೆ ದುಡ್ಡಿಗೆ ಕೊಂಡು, ಅದರ 'ಮೂಗು' ತಿರುಗಿಸಿ ತಿರುಗಿಸಿ ಹೊಸ ಸಂಗೀತವನ್ನೇ ಹುಟ್ಟಿಸಿದರು. (ಅದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬೈನ ಚರಣ್‌ಜಿತ್ ಸಿಂಗ್ ಇದೇ 303 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ರೆಕಾರ್ಡ್ ಮಾಡಿದ್ದರು. ಆಗ ಯಾರೂ ಕಿವಿಗೊಡಲಿಲ್ಲ.) ಈ ಎರಡು ಊರಿನ ಸಂಗೀತದ ಚರಿತ್ರೆಯಲ್ಲಿ ಅರ್ಧ ಇರುವುದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೇ. ಇವತ್ತು ಆ ಯಂತ್ರಗಳಿಗೆ ಸಾವಿರಾರು ಡಾಲರ್ ಬೆಲೆ ಬಂದು ಅವು ಗಾಜಿನ ಕಪಾಟು ಸೇರಿರುವುದೇ ನನಗೆ ಕೊಂಚ ಬೇಸರದ ಸಂಗತಿ.

ಬೆಲ್‌ವಿಲ್ ಬೋರ್ಡು ಬಂದಾಗ ತೋರಿಸಿದೆ. ಕೆರೆ, ಮರ, ಪೆಟ್ರೋಲ್ ಬಂಕು. "ಇಲ್ಲಾ?" ಅಂದಳು ನಂಬಲಾರದೆ. ಅಲ್ಲಿಂದ ಅತ್ತೆ ಮನೆಗೆ ಕಾಲು ಗಂಟೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ಅಕ್ಕ ಸಾರು ಬಡಿಸುತ್ತಾ, "ಅಮ್ಮ ಹಾರ್ಮೋನಿಯಂ ಮಾರಿದ್ದು ನಿಂಗೆ ನೆನಪಿಲ್ಲ, ನೀನು ಚಿಕ್ಕವನು" ಅಂದಳು. "ನನ್ನ ಹಾಸ್ಟೆಲ್ ಫೀಸಿಗೆ ಮಾರಿದ್ದು. ಮಾರಿದ್ಮೇಲೂ ಅಮ್ಮ ಹಾಡೋದು ಬಿಡಲಿಲ್ಲ. ನಮ್ಮನ್ನ ಕೂರಿಸಿಕೊಂಡು ಹೇಳಿಕೊಡೋದು ಬಿಟ್ಟಳು. ಪೆಟ್ಟಿಗೆ ಇದ್ದಾಗ ನಾವು ಸುತ್ತ ಕೂರ್ತಿದ್ವಿ. ಆಮೇಲೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಹಾಡ್ಕೊಳ್ಳೋಳು." ಭಾವ, "ಹಾಗಾದ್ರೆ ಮಾರಬೇಡ ಅಂತೀಯಾ?" ಅಂದರು. "ನಾನು ಹಾಗಂದ್ನಾ? ಮಾರಲಿ. ಸುತ್ತ ಕೂರೋಕೆ ಇನ್ನೊಂದು ಏನಾದ್ರೂ ಇಟ್ಕೊಳ್ಲಿ."

ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಜೂನೋ ಮೇಲಿನ ಪ್ರೀತಿ ನನ್ನದು, 2007ರ ಬ್ರಹ್ಮಚಾರಿಯದು. ಅದನ್ನು ಮಗಳ ಕನ್ನಡದ ಹೆಸರಿನಲ್ಲಿ ಉಳಿಸಿಕೊಳ್ಳಲು ನೋಡುತ್ತಿದ್ದೇನೆಯೇ ಅಂತ ಅನುಮಾನ ಬಂತು. ನಾವು ಅಪ್ಪ-ಅಮ್ಮಂದಿರು ಹೀಗೆ ಮಾಡುತ್ತೇವೆ. ನಮಗೆ ಬೇಕಾದ ರುಬ್ಬುವ ಕಲ್ಲು, ಹಳೆಯ ಪುಸ್ತಕದ ರಾಶಿ, ಎಲ್ಲವೂ "ಮಕ್ಕಳಿಗೆ ಗೊತ್ತಾಗಲಿ ಅಂತ". ಮಗಳಿಗೆ ಈಗ ಬೇಕಾಗಿರುವುದು 88 ಕೀ. ಅವಳು ಕೇಳಿದ್ದೂ ಅದನ್ನೇ.

ಮರುದಿನ ಆ ಹುಡುಗ ಅಕ್ಕನ ಮನೆಯ ಗರಾಜಿಗೆ ಬಂದ. ಇಪ್ಪತ್ತೆರಡು ಇಪ್ಪತ್ತಮೂರು ವರ್ಷ. ಸಂಜೆ ಹಾರ್ಟ್ ಪ್ಲಾಜಾದಲ್ಲಿ ನಡೆಯುವ ಮೂವ್‌ಮೆಂಟ್ ಉತ್ಸವಕ್ಕೆ ಹೋಗುವವನು. 2000ದಿಂದ ಮೆಮೋರಿಯಲ್ ಡೇ ರಜೆಗೆ ಡೆಟ್ರಾಯ್ಟ್ ನದಿಯ ದಡದಲ್ಲಿ ನಡೆದುಬಂದಿರುವ ಟೆಕ್ನೋ ಜಾತ್ರೆ ಅದು. ಅವನು ಕೀ ಒತ್ತುವ ಮೊದಲೇ ಮಗಳು ಇಂಗ್ಲಿಷಿನಲ್ಲಿ ಎಚ್ಚರಿಸಿದಳು: ಆರನೇದು ಕಪ್ಪೆ. ಅವನು ಎಣಿಸಿಕೊಂಡು ನುಡಿಸಿ, ಆರನೆಯದು ಬಂದಾಗ ನಕ್ಕ. ಆಮೇಲೆ ಟೇಪಿನ ಚೂರುಗಳನ್ನು ನೋಡಿ ಇದೇನು ಬರಹ ಅಂದ. ಕಿತ್ತುಕೊಡುತ್ತೇನೆ ಅಂತ ನಾನು ಕೈ ಹಾಕಿದರೆ, ಬೇಡ, ಇರಲಿ, ಓದುವುದು ಹೇಗೆ ಹೇಳಿ ಅಂದ. ಮಗಳು ಒಂದೊಂದನ್ನೇ ಮುಟ್ಟಿ ಹೇಳಿಕೊಟ್ಟಳು. "ಮೂಗು" ಬಂತು. "ಗಡಗಡ" ತಕ್ಕಮಟ್ಟಿಗೆ ಬಂತು. "ಮಳೆ"ಯ ಳಕಾರದಲ್ಲಿ ಬಿದ್ದ. ಮೂರು ಸಲ ತಿದ್ದಿದಳು, ನಾನು ಅವಳನ್ನು ತಿದ್ದುವ ಅದೇ ದನಿಯಲ್ಲಿ! ಅಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. 1300ಕ್ಕೇ ಕೊಟ್ಟೆ.

ಬಂದ ಹೊಸ ಕೀಬೋರ್ಡ್ ಚೆನ್ನಾಗಿದೆ, ಮಗಳ ಬೆರಳು ಸುಧಾರಿಸಿವೆ. ಆದರೆ ಮೊದಲ ತಿಂಗಳು ನಾನು ಹೆದರಿದ್ದು ನಿಜವಾಯಿತು. ಬೇಸ್‌ಮೆಂಟಿನಲ್ಲಿ ಕನ್ನಡ ನಿಂತಿತು. ಅವಳು ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಿದ್ದಳು. ನಮಗೆ ಕೇಳುತ್ತಿದ್ದುದು ಕೀಗಳ ಟಕಟಕ ಅಷ್ಟೇ. ಅಕ್ಕನ ಮಾತು ನೆನಪಾಗಿ, ಶನಿವಾರ ಬೆಳಿಗ್ಗೆ ಹೆಡ್‌ಫೋನ್ ಬೇಡ ಅಂತ ಒಪ್ಪಂದ ಮಾಡಿಕೊಂಡೆವು. ಈಗ ಅವಳು ಎಡಗೈ, ನಾನು ಬಲಗೈ. ನನಗೆ ಜ್ಯಾಸ್ ಬರುವುದಿಲ್ಲ, ಹಾಗಾಗಿ ಬೈಗುಳ ಧಾರಾಳವಾಗಿ ಸಿಗುತ್ತದೆ: "ಅಪ್ಪ, ಬೇಗ ಬಂದೆ. ಕಾಯಿ. ಈಗ. ಅಯ್ಯೋ ಈಗಲ್ಲ!" ಹಿಂದಿನಷ್ಟು ಕನ್ನಡ ಬರುವುದಿಲ್ಲ. ಸ್ವಲ್ಪ ಬರುತ್ತದೆ.

ಸೆಪ್ಟೆಂಬರ್‌ನಲ್ಲಿ ಆ ಹುಡುಗ ಒಂದು ರೆಕಾರ್ಡಿಂಗ್ ಕಳಿಸಿದ. ಆರೂ ಚಿಪ್ಪು ಬದಲಿಸಿದ್ದಾನೆ. ಮಗಳು ಫೋನನ್ನು ಕಿವಿಗೆ ಹಿಡಿದುಕೊಂಡು, ಬೆರಳು ಮಡಚಿ ಎಣಿಸುತ್ತಾ ಕೇಳಿದಳು. ಆರಕ್ಕೆ ಬಂದು ನಿಂತಳು, ಮತ್ತೆ ಹಿಂದಕ್ಕೆ ಹಾಕಿ ಎಣಿಸಿದಳು.

"ಕಪ್ಪೆ ಹೋಯ್ತು ಅಪ್ಪ" ಅಂದಳು. "ಆದ್ರೆ ಜಾತ್ರೆ ಜಾಸ್ತಿ ಹಾಕಿದಾನೆ."